ಬೆಳಗಿನ ಜಾವ ದೋಣಿಗೆ ಮಾತ್ರ ಕರೆಂಟ್ ಇಲ್ಲ, ದಡದ ಶೆಡ್‌ನಲ್ಲಿ ಇದೆ. ಯಾಕೆ?

ಹಿನ್ನೀರು ಮನೆ:

ನಮಸ್ಕಾರ. ನಮ್ಮದು ಸಾಗರ ತಾಲ್ಲೂಕು, ಹೊಳೆಬಾಗಿಲಿನಿಂದ ಸ್ವಲ್ಪ ಒಳಗೆ, ಶರಾವತಿ ಹಿನ್ನೀರಿನ ದಡ. ತೋಟದ ಕೆಳಗೆ ಒಂದು ದೋಣಿ ನಿಲ್ಲಿಸಿಕೊಂಡಿದ್ದೇವೆ. ದೋಣಿ ಅಂದರೆ ದೊಡ್ಡದೇನಲ್ಲ. ಎರಡು ಉದ್ದನೆಯ ಕಬ್ಬಿಣದ ತೇಲುಡ್ರಮ್ ಮೇಲೆ ಒಂದು ರೂಮ್, ಒಂದು ಪುಟ್ಟ ಅಡಿಗೆಮನೆ. ನೆಂಟರು ಬಂದರೆ ಅಲ್ಲೇ ಮಲಗುತ್ತಾರೆ. ಪರ್ಮಿಶನ್ ಎಲ್ಲ ಇದೆ, ಆ ವಿಷಯ ದಯವಿಟ್ಟು ಇಲ್ಲಿ ಎಳೆಯಬೇಡಿ.

ದಡದ ಪಂಪ್ ಶೆಡ್‌ನಿಂದ ದೋಣಿಗೆ ಕೇಬಲ್ ಎಳೆದಿದ್ದೇನೆ. ಶೆಡ್‌ನಲ್ಲಿ 16 ಆಂಪಿಯರ್ ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್), 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಬೀಳುವ ಸ್ವಿಚ್), ನೀಲಿ ಬಣ್ಣದ ಮೂರು ಪಿನ್ನಿನ ಇಂಡಸ್ಟ್ರಿಯಲ್ ಸಾಕೆಟ್. ದೋಣಿಯಲ್ಲೂ ಬೇರೆ ಎಂಸಿಬಿ, ಆರ್‌ಸಿಸಿಬಿ ಇದೆ. ಲೋಡ್ ಅಂದರೆ ಒಂದು ಸಣ್ಣ ಫ್ರಿಜ್, 12 ವೋಲ್ಟ್ ಬ್ಯಾಟರಿ ಚಾರ್ಜರ್, ನಾಲ್ಕು ಲೈಟು, ಎರಡು ಫ್ಯಾನು, ಮತ್ತೆ 3 ಕಿಲೋವ್ಯಾಟ್‌ನ ಒಂದು ಇನ್‌ಸ್ಟಂಟ್ ಗೀಸರ್. ಗೀಸರ್ ರಾತ್ರಿ ಹಾಕುವುದಿಲ್ಲ.

ಈಗ ಸಮಸ್ಯೆ. ಹದಿನೈದು ದಿನದಿಂದ ಬೆಳಗಿನ ಜಾವ ನಾಲ್ಕು, ನಾಲ್ಕೂವರೆಗೆ ದೋಣಿಯಲ್ಲಿ ಕರೆಂಟ್ ಹೋಗುತ್ತದೆ. ಶೆಡ್‌ನಲ್ಲಿ ಲೈಟ್ ಉರಿಯುತ್ತಲೇ ಇರುತ್ತದೆ. ಯಾವ ಎಂಸಿಬಿಯೂ ಬಿದ್ದಿರುವುದಿಲ್ಲ, ಆರ್‌ಸಿಸಿಬಿಯೂ ಬಿದ್ದಿರುವುದಿಲ್ಲ, ಎರಡೂ ಕಡೆ. ಎಂಟು, ಎಂಟೂವರೆ ಹೊತ್ತಿಗೆ ತಾನಾಗಿ ಬರುತ್ತದೆ. ಯಾರೂ ಏನೂ ಮುಟ್ಟಿರುವುದಿಲ್ಲ! ದಿನಾ ಹೀಗೇ ಅಂತಲೂ ಇಲ್ಲ, ವಾರದಲ್ಲಿ ನಾಲ್ಕೈದು ದಿನ.

ಇನ್ನೂ ತಲೆ ಕೆಡಿಸುವ ವಿಷಯ ಹೇಳುತ್ತೇನೆ. ಕರೆಂಟ್ ಇಲ್ಲದ ಹೊತ್ತಲ್ಲಿ ದೋಣಿಯ ಎಂಸಿಬಿ ಕೆಳಗೆ ಹಾಕಿ, ಇನ್‌ಲೆಟ್ ಹತ್ತಿರ ಮಲ್ಟಿಮೀಟರ್ ಇಟ್ಟರೆ 226 ವೋಲ್ಟ್ ತೋರಿಸುತ್ತದೆ. ಎಂಸಿಬಿ ಮೇಲೆ ಹಾಕಿದ ತಕ್ಷಣ 38. ಮತ್ತೆ ಕೆಳಗೆ ಹಾಕಿದರೆ 226. ಭೂತ ಹಿಡಿದಿದೆ ಅಂತ ಮನೆಯಲ್ಲಿ ಅಮ್ಮ ಹೇಳಲು ಶುರು ಮಾಡಿದ್ದಾರೆ.

ಎಲೆಕ್ಟ್ರಿಷಿಯನ್ ಎರಡು ಸಲ ಬಂದು ಹೋದರು. ಎರಡು ಸಲವೂ ಬೆಳಿಗ್ಗೆ ಹನ್ನೊಂದಕ್ಕೆ. ಆಗ ಎಲ್ಲ ಸರಿಯಾಗಿಯೇ ಇರುತ್ತದೆ ಅಲ್ವಾ. "231 ವೋಲ್ಟ್ ಇದೆ, ಏನೂ ತೊಂದರೆ ಇಲ್ಲ" ಅಂತ ಹೇಳಿ ದುಡ್ಡು ತಗೊಂಡು ಹೋದರು. ನಾಲ್ಕು ಗಂಟೆಗೆ ಬನ್ನಿ ಅಂದರೆ ಯಾರು ಬರುತ್ತಾರೆ?

ಅಡಿಕೆ ಚೊಗರು:

ಮಂಜು ಕಣ್ರೀ, ಮಂಜು. ಬೆಳಗಿನ ಜಾವ ಹಿನ್ನೀರಿನ ಮೇಲೆ ಮಂಜು ಎಷ್ಟು ದಟ್ಟ ಇರುತ್ತದೆ ಅಂತ ನಿಮಗೇ ಗೊತ್ತು. ಪ್ಲಗ್ಗು, ಜಾಯಿಂಟು ಎಲ್ಲ ಒದ್ದೆಯಾಗಿ ಲೀಕೇಜ್ ಆಗುತ್ತದೆ. ಬಿಸಿಲು ಬಂದು ಒಣಗಿದ ಮೇಲೆ ಸರಿಯಾಗುತ್ತದೆ. ನಮ್ಮ ಅಡಿಕೆ ಒಲೆ ಶೆಡ್‌ನಲ್ಲಿ ಇದೇ ಕಥೆ ಇತ್ತು. ನಾನು ಆರ್‌ಸಿಸಿಬಿ ತೆಗೆದು ನೇರ ಕೊಟ್ಟೆ. ಆಮೇಲೆ ಒಂದು ದಿನವೂ ಕರೆಂಟ್ ಹೋಗಿಲ್ಲ.

ತಾಳಗುಪ್ಪ ವೈರ್‌ಮನ್:

ಚೊಗರು ಅವರೇ, ದಯವಿಟ್ಟು ಅದನ್ನು ವಾಪಸ್ ಹಾಕಿಸಿ. ಆರ್‌ಸಿಸಿಬಿ ಬಿದ್ದರೆ ಅದು ತನ್ನ ಕೆಲಸ ಮಾಡಿದೆ ಅಂತ ಅರ್ಥ. ನಾಯಿ ಬೊಗಳುತ್ತದೆ ಅಂತ ನಾಯಿಯನ್ನೇ ಓಡಿಸಿದ ಹಾಗಾಯಿತು ನಿಮ್ಮ ಕೆಲಸ.

ಇಲ್ಲಿ ಮಂಜಿನ ಲೀಕೇಜ್ ಅಲ್ಲ. ಲೀಕೇಜ್ ಆಗಿದ್ದರೆ ಆರ್‌ಸಿಸಿಬಿ ಬೀಳಬೇಕಿತ್ತು. ಬಿದ್ದ ಮೇಲೆ ಅದು ತಾನಾಗಿ ಮೇಲೆ ಏಳುವುದಿಲ್ಲ, ಯಾರಾದರೂ ಕೈಯಲ್ಲಿ ಎತ್ತಬೇಕು. ಅವರು ಯಾರೂ ಮುಟ್ಟಿಲ್ಲ, ತಾನಾಗಿ ಬರುತ್ತದೆ ಅಂತ ಬರೆದಿದ್ದಾರೆ. ಹಾಗಾಗಿ ಬ್ರೇಕರ್‌ಗಳನ್ನು ಬಿಡಿ, ಅವು ಪಾಪ ಸುಮ್ನೆ ಕೂತಿವೆ.

226 ಮತ್ತು 38. ಉತ್ತರ ಇರುವುದು ಅಲ್ಲೇ. ನಿಮ್ಮ ಮನೆಗೆ ಅಬ್ಬಿ ನೀರು ಇದ್ದರೆ ಬೇಗ ಅರ್ಥವಾಗುತ್ತದೆ. ಗುಡ್ಡದಿಂದ ಬರುವ ಪೈಪಿನಲ್ಲಿ ಎಲೆ, ಕಸ ಸಿಕ್ಕಿಕೊಂಡಿದೆ ಅಂದುಕೊಳ್ಳಿ. ನಲ್ಲಿ ಮುಚ್ಚಿಟ್ಟರೆ ಪೈಪಿನ ತುದಿಯವರೆಗೆ ನೀರು ತುಂಬಿ ಒತ್ತಡ ಪೂರ್ತಿ ಇರುತ್ತದೆ. ನಲ್ಲಿ ಬಿಟ್ಟರೆ ತೊಟ್ಟು ತೊಟ್ಟು. ಮೀಟರ್ ಅಂದರೆ ಮುಚ್ಚಿದ ನಲ್ಲಿ ಇದ್ದ ಹಾಗೆ, ಡಿಜಿಟಲ್ ಮೀಟರ್ ಒಳಗೆ ಸಾಮಾನ್ಯವಾಗಿ 10 ಮೆಗಾಓಮ್ ಇರುತ್ತದೆ, ಅದು ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಹಾಗಾಗಿ ಕೆಟ್ಟ ಜಾಯಿಂಟಿನ ಆಚೆಗೂ 226 ತೋರಿಸುತ್ತದೆ. ಫ್ರಿಜ್ಜು ಚಾರ್ಜರು ಎಳೆಯಲು ಶುರು ಮಾಡಿದ ಕೂಡಲೇ ವೋಲ್ಟೇಜಿನ ಹೆಚ್ಚಿನ ಪಾಲು ಆ ಜಾಯಿಂಟಿನಲ್ಲೇ ಉಳಿದುಬಿಡುತ್ತದೆ, ನಿಮಗೆ 38 ಸಿಗುತ್ತದೆ. ಎಲೆಕ್ಟ್ರಿಷಿಯನ್ ಲೋಡ್ ಹಾಕಿ ನೋಡಿದರಾ, ಖಾಲಿ ನೋಡಿದರಾ?

ಎರಡು ವಿಷಯ ಹೇಳಿ. ಕರೆಂಟ್ ಹೋದ ಹೊತ್ತಲ್ಲಿ ಎಂಸಿಬಿ ಮೇಲೆ ಇಟ್ಟುಕೊಂಡು ದೋಣಿಯ ಸಾಕೆಟ್ಟಿಗೆ ಟೆಸ್ಟರ್ ಇಟ್ಟರೆ ಒಂದೇ ತೂತಿನಲ್ಲಿ ಉರಿಯುತ್ತದಾ, ಎರಡರಲ್ಲೂ ಉರಿಯುತ್ತದಾ? ಆಮೇಲೆ ಕೇಬಲ್ ಉದ್ದ ಎಷ್ಟು, ಎಷ್ಟು ಸ್ಕ್ವೇರ್ ಎಂಎಂ ದಪ್ಪ, ಮಧ್ಯೆ ಜಾಯಿಂಟ್ ಎಷ್ಟು?

ಹಿನ್ನೀರು ಮನೆ:

ಇವತ್ತು ನೋಡಿದೆ. ಎರಡೂ ತೂತಿನಲ್ಲಿ ಉರಿಯುತ್ತದೆ!!

ಕೇಬಲ್ 2.5 ಸ್ಕ್ವೇರ್ ಎಂಎಂ, ಮೂರು ಕೋರ್, ತಾಮ್ರದ್ದೇ. ಮಳೆಗಾಲ ಮುಗಿದಾಗ 60 ಮೀಟರ್ ಸಾಕಾಗಿತ್ತು, ನೀರು ತೋಟದ ಬೇಲಿ ಹತ್ತಿರವೇ ಇತ್ತು. ಆಮೇಲೆ ಗೊತ್ತಲ್ಲ, ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ಇಳಿದ ಹಾಗೆ ದಡ ದೂರ ಹೋಗುತ್ತದೆ. ಜನವರಿಯಲ್ಲಿ 40 ಮೀಟರ್ ಸೇರಿಸಿದೆ. ಫೆಬ್ರವರಿಯಲ್ಲಿ ಇನ್ನೊಂದು 30. ಈಗ ಒಟ್ಟು 130 ಮೀಟರ್, ಎರಡು ಜಾಯಿಂಟ್. ಜಾಯಿಂಟ್ ನಾನೇ ಮಾಡಿದ್ದು. ಹೊಸೆದು, ಟೇಪ್ ಸುತ್ತಿ, ನೀರು ಬೀಳದ ಹಾಗೆ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಒಳಗೆ ಇಟ್ಟಿದ್ದೇನೆ. ಎಲೆಕ್ಟ್ರಿಷಿಯನ್ ಖಾಲಿ ಮೀಟರ್ ಇಟ್ಟು ನೋಡಿದ್ದು, ಲೋಡ್ ಹಾಕಿರಲಿಲ್ಲ.

ತಾಳಗುಪ್ಪ ವೈರ್‌ಮನ್:

ಬಾಟಲಿಯ ವಿಷಯ ಆಮೇಲೆ ಬೈಯುತ್ತೇನೆ.

ಎರಡೂ ತೂತಿನಲ್ಲಿ ಉರಿದರೆ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಹೋಗಿದೆ. ಫೇಸ್, ಅಂದರೆ ಕರೆಂಟ್ ತರುವ ತಂತಿ, ಸರಿಯಾಗಿ ಬರುತ್ತಿದೆ. ಅದು ಫ್ರಿಜ್ಜಿನ ಮೂಲಕ ಆಚೆ ಹೋಗಿ ನ್ಯೂಟ್ರಲ್ ತಂತಿಗೆ ಬಂದು, ಮುಂದೆ ದಾರಿ ಇಲ್ಲದೆ ಅಲ್ಲೇ ನಿಂತಿದೆ. ಹಾಗಾಗಿ ನ್ಯೂಟ್ರಲ್ಲಿನಲ್ಲೂ ಟೆಸ್ಟರ್ ಉರಿಯುತ್ತದೆ. ಈ ಹೊತ್ತಲ್ಲಿ "ಕರೆಂಟ್ ಇಲ್ಲ" ಅಂತ ಯಾರೂ ಒಳಗೆ ಕೈ ಹಾಕಬೇಡಿ, ಎರಡೂ ತಂತಿ ಶಾಕ್ ಹೊಡೆಯುತ್ತವೆ. ನ್ಯೂಟ್ರಲ್ ಕಡಿದರೆ ಹೋಗುವ ಕರೆಂಟೂ ಬರುವ ಕರೆಂಟೂ ಸಮವಾಗಿಯೇ ಕಡಿಮೆಯಾಗುತ್ತದೆ. ಆರ್‌ಸಿಸಿಬಿ ನೋಡುವುದು ಆ ಎರಡರ ವ್ಯತ್ಯಾಸವನ್ನು ಮಾತ್ರ, ಅದಕ್ಕೆ ಅದು ಬೀಳಲಿಲ್ಲ.

ಎರಡು ಜಾಯಿಂಟು, ಎರಡು ಕಡೆಯ ಪ್ಲಗ್ಗು ಸಾಕೆಟ್ಟು, ಎರಡು ಬೋರ್ಡು. ನ್ಯೂಟ್ರಲ್ ಇವುಗಳಲ್ಲೇ ಎಲ್ಲೋ ಲೂಸ್ ಆಗಿದೆ. ಹುಡುಕಲು ಮೀಟರ್ ಬೇಡ, ಬಲ್ಬ್ ಬೇಕು. 200 ವ್ಯಾಟ್‌ನ ಹಳೇ ಥರದ ಬಲ್ಬ್ ಒಂದು ಹೋಲ್ಡರ್‌ಗೆ ಹಾಕಿ ಎರಡು ತಂತಿ ಬಿಡಿ. ಅದು 0.9 ಆಂಪಿಯರ್ ಹತ್ತಿರ ಎಳೆಯುತ್ತದೆ, ಸುಳ್ಳು ವೋಲ್ಟೇಜ್ ಅದರ ಮುಂದೆ ನಿಲ್ಲುವುದಿಲ್ಲ. ಎಲ್‌ಇಡಿ ಬಲ್ಬ್ ಬೇಡ, ಅದು 100 ವೋಲ್ಟಿಗೂ ಉರಿದು ಮೋಸ ಮಾಡಬಹುದು. ಶೆಡ್‌ನಿಂದ ಶುರು ಮಾಡಿ ಒಂದೊಂದೇ ಜಾಗ ನೋಡುತ್ತಾ ದೋಣಿ ಕಡೆ ಬನ್ನಿ. ಪ್ರತಿ ಸಲ ಶೆಡ್ ಪ್ಲಗ್ ಕಿತ್ತು, ಬಲ್ಬ್ ಕಟ್ಟಿ, ಆಮೇಲೆ ಪ್ಲಗ್ ಹಾಕಬೇಕು. ಕತ್ತಲಲ್ಲಿ ನೀರಿನ ಪಕ್ಕ ಒಬ್ಬರೇ ಮಾಡಬೇಡಿ.

ಆದರೆ ಬೆಳಗಿನ ಜಾವವೇ ಯಾಕೆ ಅಂತ ನನಗೂ ಹೊಳೆಯುತ್ತಿಲ್ಲ. ಲೂಸ್ ಜಾಯಿಂಟ್ ಸಾಮಾನ್ಯವಾಗಿ ಲೋಡ್ ಜಾಸ್ತಿ ಇದ್ದಾಗ ಬಿಸಿಯಾಗಿ ಕೈ ಕೊಡುತ್ತದೆ. ಗೀಸರ್ ಹಾಕುವುದು ಬೆಳಿಗ್ಗೆ ಏಳೆಂಟು ಗಂಟೆಗೆ ತಾನೇ?

ಕಡವಿನ ಕಟ್ಟೆ:

ನನಗೆ ಈ ನ್ಯೂಟ್ರಲ್ಲು ಗಿಟ್ರಲ್ಲು ಗೊತ್ತಿಲ್ಲ. ದೋಣಿ ಗೊತ್ತು. ಸಿಗಂದೂರು ಸೇತುವೆ ಆಗುವ ಮೊದಲು ವರ್ಷಗಟ್ಟಲೆ ಅದೇ ನೀರಿನ ಮೇಲೆ ಓಡಾಡಿದವನು. 2025ರ ಜುಲೈನಲ್ಲಿ ಸೇತುವೆ ಶುರುವಾದ ಮೇಲೆ ಈಗ ದಡದಲ್ಲಿ ಕೂತು ಮೊಬೈಲ್ ನೋಡುವ ಕೆಲಸ.

ಒಂದು ಕೇಳುತ್ತೇನೆ. ಬೆಳಗಿನ ಜಾವ ನಿಮ್ಮ ದೋಣಿಯ ಮೂತಿ ಯಾವ ಕಡೆ ಇರುತ್ತದೆ? ಈ ತಿಂಗಳಲ್ಲಿ ರಾತ್ರಿ ಗುಡ್ಡ ತಣ್ಣಗಾಗಿ ನಸುಕಿನಲ್ಲಿ ಗಾಳಿ ಮೇಲಿನಿಂದ ನೀರಿನ ಕಡೆ ಇಳಿಯುತ್ತದೆ. ಜೋರು ಇರುವುದಿಲ್ಲ, ಆದರೆ ಬಿಡದೆ ತಳ್ಳುತ್ತದೆ. ಕಟ್ಟಿದ ದೋಣಿ ಹಗ್ಗ ಎಷ್ಟು ಉದ್ದ ಇದೆಯೋ ಅಷ್ಟೂ ಆಚೆ ಹೋಗಿ ನಿಲ್ಲುತ್ತದೆ. ಬಿಸಿಲೇರಿದ ಮೇಲೆ ಗಾಳಿ ನಿಲ್ಲುತ್ತದೆ, ಇಲ್ಲವೇ ತಿರುಗುತ್ತದೆ, ದೋಣಿ ಮತ್ತೆ ದಡಕ್ಕೆ ಬರುತ್ತದೆ. ಮೋಡ ಇದ್ದ ರಾತ್ರಿ ಆ ಗಾಳಿ ಅಷ್ಟಾಗಿ ಇರುವುದಿಲ್ಲ. ನಿಮ್ಮ ಹಗ್ಗ ಉದ್ದವೋ, ಕೇಬಲ್ ಉದ್ದವೋ?

ತಾಳಗುಪ್ಪ ವೈರ್‌ಮನ್:

ಅಯ್ಯೋ ಮಾರಾಯ್ರೇ! ಅದೇ ಇರಬೇಕು.

ಹಳೇ ಎಂಜಿನ್ ರೂಮ್:

ನಾನು ಹದಿನೆಂಟು ವರ್ಷ ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ, ಈಗ ಹೊಸನಗರದಲ್ಲಿ ತೋಟ. ಗಾಳಿಯ ಮಾತು ನೂರಕ್ಕೆ ನೂರು ಸರಿ ಇರಬಹುದು. ಆದರೆ ನನಗೆ ಭಯ ಆಗುತ್ತಿರುವುದು ಬೇರೆಯದಕ್ಕೆ. ನ್ಯೂಟ್ರಲ್ ಎಳೆದು ಲೂಸ್ ಆಗಿದ್ದರೆ ಪಕ್ಕದ ಹಸಿರು ತಂತಿ, ಅರ್ತ್, ಅದರ ಗತಿ ಏನು? ನ್ಯೂಟ್ರಲ್ ಹೋದರೆ ಫ್ರಿಜ್ ನಿಂತು ನಿಮಗೆ ಹೇಳುತ್ತದೆ. ಅರ್ತ್ ಹೋದರೆ ಯಾರೂ ಹೇಳುವುದಿಲ್ಲ, ಎಲ್ಲ ಮಾಮೂಲಿಯಾಗಿ ಓಡುತ್ತಿರುತ್ತದೆ.

ದೋಣಿಯದು ಕಬ್ಬಿಣದ ತಳ. ಗೀಸರ್ ಎಲಿಮೆಂಟು ಸ್ವಲ್ಪ ಲೀಕ್ ಆಯಿತು ಅನ್ನಿ. ಅರ್ತ್ ಇದ್ದರೆ ಅದು ತಂತಿಯಲ್ಲಿ ದಡಕ್ಕೆ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ತಳದ ಮೂಲಕ ನೀರಿಗೆ ಇಳಿಯುತ್ತದೆ. ಅಲ್ಲಿ ಮಕ್ಕಳು ಈಜುತ್ತಿದ್ದರೆ? ಸಮುದ್ರದಲ್ಲಿ ಉಪ್ಪುನೀರು ನಮ್ಮ ಮೈಗಿಂತ ಚೆನ್ನಾಗಿ ಕರೆಂಟ್ ಒಯ್ಯುತ್ತದೆ, ಅದಕ್ಕೆ ಹೆಚ್ಚಿನ ಪಾಲು ಮನುಷ್ಯನ ಪಕ್ಕದಿಂದ ಹಾದುಹೋಗುತ್ತದೆ. ಸಿಹಿನೀರು ಹಾಗಲ್ಲ. ಸಿಹಿನೀರಿಗಿಂತ ಮನುಷ್ಯನ ಮೈಯೇ ಸುಲಭದ ದಾರಿ. 10 ಮಿಲಿಆಂಪಿಯರ್ ದಾಟಿದರೆ ಸ್ನಾಯು ನಮ್ಮ ಮಾತು ಕೇಳುವುದಿಲ್ಲ, ಈಜು ಬರುವವನೂ ಮುಳುಗುತ್ತಾನೆ. ನೋಡಿದವರು ಸುಸ್ತಾಗಿ ಮುಳುಗಿದ ಅಂದುಕೊಳ್ಳುತ್ತಾರೆ. ನಿಮ್ಮ ಆರ್‌ಸಿಸಿಬಿ 30ಕ್ಕೆ ಬೀಳುವುದು, 10ಕ್ಕೆ ಅಲ್ಲ.

ಈ ಸರಿಪಡಿಸುವ ಕೆಲಸ ಮುಗಿಯುವವರೆಗೆ ದೋಣಿಯ ಹತ್ತಿರ ಯಾರೂ ನೀರಿಗೆ ಇಳಿಯಬಾರದು. ಮುಗಿದ ಮೇಲೂ ಈಜುವುದಿದ್ದರೆ ಮೊದಲು ಶೆಡ್‌ನಲ್ಲಿ ಪ್ಲಗ್ ಕಿತ್ತು ಬನ್ನಿ.

ಅಡಿಕೆ ಚೊಗರು:

ಕಬ್ಬಿಣದ ದೋಣಿಗೆ ಅರ್ತ್ ಕೊಟ್ಟರೆ ತಳ ಬೇಗ ತುಕ್ಕು ಹಿಡಿಯುತ್ತದೆ ಅಂತ ಕೇಳಿದ್ದೇನೆ. ಅರ್ತ್ ಬಿಚ್ಚಿಡುವುದೇ ಒಳ್ಳೆಯದಂತೆ, ಹೌದಾ?

ಹಳೇ ಎಂಜಿನ್ ರೂಮ್:

ಅರ್ಧ ನಿಜ. ಅರ್ತ್ ತಂತಿಯಿಂದ ದೋಣಿಯ ಕಬ್ಬಿಣ ಮತ್ತು ದಡದ ತಾಮ್ರದ ರಾಡ್ ಎರಡೂ ಒಂದೇ ಸರ್ಕ್ಯೂಟ್ ಆಗುತ್ತವೆ, ನೀರು ಬ್ಯಾಟರಿಯ ಆಸಿಡ್ ಥರ ಕೆಲಸ ಮಾಡುತ್ತದೆ, ಕಬ್ಬಿಣ ಸವೆಯುತ್ತದೆ. ಅದಕ್ಕೆ ಗ್ಯಾಲ್ವಾನಿಕ್ ಐಸೊಲೇಟರ್ ಅಂತ ಅರ್ತ್ ದಾರಿಯಲ್ಲಿ ಕೂರಿಸುವ ಡಬ್ಬಿ ಬರುತ್ತದೆ. ಸಣ್ಣ ಡಿಸಿ ವೋಲ್ಟೇಜನ್ನು ತಡೆಯುತ್ತದೆ, ಶಾರ್ಟ್ ಆದಾಗ ಕರೆಂಟನ್ನು ಬಿಡುತ್ತದೆ. ದುಡ್ಡಿದ್ದರೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್, ಅದು ದಡದ ತಂತಿಗೂ ದೋಣಿಯ ತಂತಿಗೂ ನೇರ ಸಂಪರ್ಕ ಇಲ್ಲದ ಹಾಗೆ ಮಾಡುತ್ತದೆ. ಇಲ್ಲದಿದ್ದರೆ ತಳಕ್ಕೆ ಮೆಗ್ನೀಶಿಯಂ ಆನೋಡ್ (ಕಬ್ಬಿಣದ ಬದಲು ತಾನು ಸವೆಯುವ ತುಂಡು) ಹಾಕಿ. ಸಮುದ್ರಕ್ಕೆ ಹಾಕುವ ಸತುವಿನದು ಸಿಹಿನೀರಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅರ್ತ್ ಮಾತ್ರ ಬಿಚ್ಚಬೇಡಿ. ತುಕ್ಕು ಹಿಡಿದ ತಳಕ್ಕೆ ವೆಲ್ಡಿಂಗ್ ಮಾಡಬಹುದು.

ಹಿನ್ನೀರು ಮನೆ:

ಸಿಕ್ಕಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ನಿನ್ನೆ ರಾತ್ರಿ ಆಕಾಶ ತಿಳಿಯಾಗಿತ್ತು. ನಾನು, ನನ್ನ ತಮ್ಮ ಮೂರೂವರೆಗೆ ಎದ್ದು ಕಂಬಳಿ ಹೊದ್ದು ದಡದಲ್ಲಿ ಕೂತೆವು. ದೋಣಿಯ ಲೈಟ್ ಉರಿಯುತ್ತಿತ್ತು. ನಾಲ್ಕು ದಾಟಿದ ಮೇಲೆ ಬೆನ್ನಿಗೆ ತಣ್ಣನೆ ಗಾಳಿ ಬರಲು ಶುರುವಾಯಿತು, ಕಡವಿನ ಕಟ್ಟೆ ಅವರು ಹೇಳಿದ ಹಾಗೇ, ಗುಡ್ಡದ ಕಡೆಯಿಂದ. ದೋಣಿ ನಿಧಾನಕ್ಕೆ ಆಚೆ ಸರಿಯಿತು. ನೋಡುತ್ತಾ ನೋಡುತ್ತಾ ಕೆಸರಿನ ಮೇಲೆ ಮಲಗಿದ್ದ ಕೇಬಲ್ ಎದ್ದು ನಿಂತಿತು. ಬಟ್ಟೆ ಒಣಹಾಕುವ ತಂತಿ ಥರ ಬಿಗಿಯಾಗಿ, ಅದರಿಂದ ನೀರು ಹನಿಯುತ್ತಿತ್ತು. ದೋಣಿಯ ಲೈಟ್ ಒಂದು ಸಲ ಮಂಕಾಯಿತು, ಮತ್ತೆ ಬಂತು, ಆಮೇಲೆ ಹೋಯಿತು. ತಮ್ಮ ದಡದ ಹಗ್ಗ ಹಿಡಿದು ದೋಣಿಯನ್ನು ಎರಡು ಮಾರು ಎಳೆದ. ಲೈಟ್ ಬಂತು. ಬಿಟ್ಟ. ಹೋಯಿತು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆಗಿದ್ದು ಇಷ್ಟು. ನೀರಿಳಿದ ಮೇಲೆ ಮುಳುಗಿದ್ದ ಹಳೇ ಮರದ ಬೊಡ್ಡೆಗಳು ಮೇಲೆ ಬರುತ್ತವಲ್ಲ, ಅಂಥ ಒಂದು ಬೊಡ್ಡೆಗೆ ಫೆಬ್ರವರಿಯಲ್ಲಿ ನಾನೇ ಕೇಬಲ್ ಸುತ್ತಿದ್ದೆ, ಕೆಸರಿಗೆ ತಾಗದಿರಲಿ ಅಂತ. ಎರಡನೇ ಜಾಯಿಂಟ್ ಆ ಬೊಡ್ಡೆಗೂ ದೋಣಿಗೂ ಮಧ್ಯೆ ಇತ್ತು. ಆಮೇಲೆ ನೀರು ಇನ್ನೂ ಇಳಿಯಿತು, ದೋಣಿಯನ್ನು ಆಚೆ ತಳ್ಳಿ ಹಗ್ಗ ಉದ್ದ ಬಿಟ್ಟೆ, ಕೇಬಲ್ ಹಾಗೇ ಇತ್ತು. ಅಂದರೆ ಗಾಳಿ ಬಂದಾಗ ದೋಣಿಯನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಹಗ್ಗ ಅಲ್ಲ, ನನ್ನ ಜಾಯಿಂಟ್.

ಶೆಡ್‌ನಲ್ಲಿ ಪ್ಲಗ್ ಕಿತ್ತು ಬೆಳಕಾದ ಮೇಲೆ ಬಾಟಲಿ ಬಿಚ್ಚಿದೆವು. ಬಾಟಲಿಯ ತಳದಲ್ಲಿ ಒಂದು ಲೋಟದಷ್ಟು ನೀರು! ಮಂಜಿನ ನೀರು ಕೇಬಲ್ ಮೇಲೆ ಹರಿದು ಒಳಗೆ ಇಳಿದಿದೆ, ಹೊರಗೆ ಹೋಗಲು ದಾರಿ ಇಲ್ಲ. ಕಂದು ತಂತಿ, ಅಂದರೆ ಫೇಸ್, ಗಟ್ಟಿಯಾಗಿತ್ತು. ನೀಲಿ ತಂತಿಯ, ಅಂದರೆ ನ್ಯೂಟ್ರಲ್ಲಿನ, ಟೇಪ್ ಕರಗಿ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು, ಒಳಗಿನ ಎಳೆಗಳು ಕಪ್ಪು, ತುದಿಯಲ್ಲಿ ಹಸಿರು, ಅರ್ಧದಷ್ಟು ಎಳೆ ತುಂಡಾಗಿತ್ತು. ಉಳಿದವು ಒಂದಕ್ಕೊಂದು ತಾಗಿಕೊಂಡಿದ್ದವು ಅಷ್ಟೇ.

ಹಸಿರು ತಂತಿ ಪೂರ್ತಿ ಹೊರಗೆ ಬಂದಿತ್ತು. ಎರಡು ತುದಿಯ ಮಧ್ಯೆ ಒಂದು ಬೆರಳು ಜಾಗ. ಯಾವಾಗಿನಿಂದಲೋ ಗೊತ್ತಿಲ್ಲ. ಮೂರು ವಾರದ ಹಿಂದೆ ನಮ್ಮ ಅಕ್ಕನ ಮಕ್ಕಳು ದೋಣಿಯ ಹಿಂದಿನ ಮೆಟ್ಟಿಲು ಹಿಡಿದುಕೊಂಡು ಇಡೀ ಮಧ್ಯಾಹ್ನ ನೀರಿನಲ್ಲಿ ಇದ್ದರು. ಹಳೇ ಎಂಜಿನ್ ರೂಮ್ ಅವರ ಮಾತು ಓದಿದ ಮೇಲೆ ಅದನ್ನೇ ಯೋಚಿಸುತ್ತಾ ಕೂತಿದ್ದೇನೆ. ಅಕ್ಕನಿಗೆ ಇನ್ನೂ ಹೇಳಿಲ್ಲ.

ಈಗ ಕೇಬಲ್ ಪೂರ್ತಿ ಬದಲಾಯಿಸಬೇಕು ಅಂತಿದ್ದೇನೆ. ಎಷ್ಟು ಸ್ಕ್ವೇರ್ ಹಾಕಲಿ?

ತಾಳಗುಪ್ಪ ವೈರ್‌ಮನ್:

ಬಾಟಲಿಗೆ ಬೈಯಬೇಕು ಅಂತಿದ್ದೆ, ನೀವೇ ಸಾಕಷ್ಟು ಬೈದುಕೊಂಡಿದ್ದೀರಿ, ಬಿಡಿ.

2.5ರಲ್ಲಿ 130 ಮೀಟರ್ ಅಂದರೆ ಹೋಗಿ ಬರುವ ದಾರಿ 260 ಮೀಟರ್, ಸುಮಾರು 2 ಓಮ್. ಗೀಸರ್ ಹಾಕಿದರೆ 13 ಆಂಪಿಯರ್, ಕೇಬಲ್ಲಿನಲ್ಲೇ 25 ವೋಲ್ಟ್ ಹತ್ತಿರ ಹೋಗುತ್ತದೆ. ನಮ್ಮ ಕಡೆ ಸಂಜೆ ಹೊತ್ತು ಪಂಪ್‌ಸೆಟ್ ಓಡುವಾಗ ಕಂಬದಲ್ಲೇ 200 ಇದ್ದರೆ ದೋಣಿಗೆ ಉಳಿಯುವುದು 175. ಫ್ರಿಜ್ಜಿನ ಕಂಪ್ರೆಸರ್‌ಗೆ ಅದು ಒಳ್ಳೆಯದಲ್ಲ. 6 ಸ್ಕ್ವೇರ್ ಹಾಕಿ, ಅದೇ ಲೋಡಿಗೆ 11 ವೋಲ್ಟ್ ಆಸುಪಾಸು ಬೀಳುತ್ತದೆ. ಖರ್ಚು ಜಾಸ್ತಿ ಅನ್ನಿಸಿದರೆ ಗೀಸರ್ ಬಿಟ್ಟು ಗ್ಯಾಸ್ ಹಂಡೆ ಇಟ್ಟುಕೊಂಡು 4 ಸ್ಕ್ವೇರ್ ಹಾಕಿ. ಯಾವುದೇ ಆದರೂ ಒಂದೇ ತುಂಡು ಇರಲಿ. ಬೇಸಿಗೆಗೆ ಬೇಕಾದಷ್ಟು ಉದ್ದ ಈಗಲೇ ತಗೊಳ್ಳಿ, ಮಳೆಗಾಲದಲ್ಲಿ ಉಳಿದದ್ದನ್ನು ಶೆಡ್‌ನಲ್ಲಿ ದೊಡ್ಡ ಸುತ್ತು ಮಾಡಿ ನೆಲದ ಮೇಲೆ ಹರಡಿಡಿ. ಬಿಗಿಯಾಗಿ ಡ್ರಮ್ಮಿಗೆ ಸುತ್ತಿಟ್ಟರೆ ಬಿಸಿಯಾಗುತ್ತದೆ.

ಶೆಡ್‌ನ ಅರ್ತ್ ಗುಂಡಿಯನ್ನೂ ಒಂದು ಸಲ ಅಳೆಸಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ರೆಸಿಸ್ಟೆನ್ಸ್ ಏರುತ್ತದೆ.

ಹಳೇ ಎಂಜಿನ್ ರೂಮ್:

ಕೇಬಲ್ ಯಾವತ್ತೂ ಹಗ್ಗಕ್ಕಿಂತ ಉದ್ದ ಇರಬೇಕು. ದೋಣಿಯಲ್ಲಿ ಕೇಬಲ್ ಒಳಗೆ ಹೋಗುವ ಜಾಗದಲ್ಲಿ ಅದನ್ನು ಒಂದು ಕೊಂಡಿಗೆ ಕಟ್ಟಿ, ಪ್ಲಗ್ಗಿಗೆ ಎಳೆತ ಬರಬಾರದು. ಹಾಕುವಾಗ ಮೊದಲು ದೋಣಿಯ ಕಡೆ, ಆಮೇಲೆ ಶೆಡ್. ತೆಗೆಯುವಾಗ ಮೊದಲು ಶೆಡ್. ಕೇಬಲ್ಲಿನ ಎರಡೂ ತುದಿಗೆ ಪಿನ್ ಇರುವ ಪ್ಲಗ್ ಹಾಕಿದ್ದರೆ ಇವತ್ತೇ ಕತ್ತರಿಸಿ ಎಸೆಯಿರಿ, ಅಂಥದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ದೋಣಿಯ ಕಡೆ ಬರುವ ತುದಿಯಲ್ಲಿ ತೂತು ಇರಬೇಕು, ಪಿನ್ ದೋಣಿಯ ಗೋಡೆಯಲ್ಲಿರಬೇಕು.

ಅಕ್ಕನಿಗೆ ಹೇಳಿ. ಬೇಸಿಗೆ ರಜೆಗೆ ಮತ್ತೆ ಬರುತ್ತಾರೆ ಅಲ್ವಾ.

ಕಡವಿನ ಕಟ್ಟೆ:

ಹಿಂದಿನಿಂದ ಒಂದು ಹಗ್ಗ, ಮುಂದಿನಿಂದ ಒಂದು, ಅಡ್ಡಡ್ಡ ಕಟ್ಟಿ. ಒಂದೇ ಹಗ್ಗದಲ್ಲಿ ಕಟ್ಟಿದರೆ ದೋಣಿ ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಸುತ್ತುತ್ತದೆ. ಏಪ್ರಿಲ್, ಮೇನಲ್ಲಿ ವಾರಕ್ಕೊಂದು ಸಲ ಜಾಗ ಬದಲಾಯಿಸಬೇಕಾಗುತ್ತದೆ, ಸೋಮಾರಿತನ ಮಾಡಬೇಡಿ.

ಅಡಿಕೆ ಚೊಗರು:

ನಾನು ಆರ್‌ಸಿಸಿಬಿ ವಾಪಸ್ ಹಾಕಿಸಿದೆ. ಹಾಕಿದ ಐದೇ ನಿಮಿಷಕ್ಕೆ ಬಿತ್ತು. ಬೇಯಿಸುವ ಹಂಡೆ ಪಕ್ಕದ ಮೋಟರ್ ಬಾಡಿಯಲ್ಲಿ ಟೆಸ್ಟರ್ ಉರಿಯುತ್ತದೆ. ಹೆಂಡತಿ ಆಗಾಗ ಜುಮ್ ಅನ್ನುತ್ತದೆ ಅಂತ ಹೇಳುತ್ತಿದ್ದಳು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಮೋಟರ್ ಸಾಗರಕ್ಕೆ ರಿಪೇರಿಗೆ ಹೋಯಿತು.

ಅದಿರಲಿ, ಆ 200 ವ್ಯಾಟ್ ಬಲ್ಬ್ ಈಗ ಎಲ್ಲಿ ಸಿಗುತ್ತದೆ? ಎರಡು ಅಂಗಡಿ ಕೇಳಿದೆ, ಎಲ್‌ಇಡಿ ತೋರಿಸಿದರು.

ತಾಳಗುಪ್ಪ ವೈರ್‌ಮನ್:

ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗದಿದ್ದರೆ ಕೋಳಿ ಆಹಾರದ ಅಂಗಡಿಯಲ್ಲಿ ಕೇಳಿ. ಮರಿ ಬೆಚ್ಚಗಿಡಲು ತಗೊಂಡು ಹೋಗುತ್ತಾರೆ. 200 ಸಿಗದಿದ್ದರೆ 100ರದ್ದು ಎರಡು ಪ್ಯಾರಲಲ್ ಕಟ್ಟಿ.